ಲಿಂಕ್ ಹಾಕುವ ಮುನ್ನ ಡಬ್ಬ ತೆರೆದು ನೋಡು

ಪುಟ್ಟಿ,

ಟಿವಿ ಧಾರಾವಾಹಿಗಳ ಹೆಸರಿನ ಕ್ರಿಸ್‌ಮಸ್ ಆರ್ನಮೆಂಟು, ಸಂಗ್ರಹದ ಗೊಂಬೆ, ಅಡ್ವೆಂಟ್ ಕ್ಯಾಲೆಂಡರು ಇವುಗಳ ಬಗ್ಗೆ ಬರೆದು, ಕೆಳಗೆ ಅಂಗಡಿಯ ಲಿಂಕ್ ಹಾಕಿ, ಕಮಿಷನ್ ಸಂಪಾದಿಸುವ ಯೋಚನೆ ನಿನಗಿದೆಯೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ‘ಅಕ್ಕಾ, ಅವಳಿಗೆ ನೀನೇ ಸ್ವಲ್ಪ ಹೇಳು’ ಅಂದ. ಏನು ಹೇಳಬೇಕೆಂದು ಹೇಳಲಿಲ್ಲ. ಬಿಡಿಸಬೇಕೋ, ಹುರಿದುಂಬಿಸಬೇಕೋ ಅವನಿಗೂ ಗೊತ್ತಿದ್ದಂತಿಲ್ಲ. ಬಿಡು ಅಂತ ನಾನಂತೂ ಹೇಳುವುದಿಲ್ಲ. ಕಂಪ್ಯೂಟರಿನ ಕೆಲಸ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೆ ಆ ಸಾಮಾನು ಮತ್ತು ಅದನ್ನು ಕೊಳ್ಳುವ ಜನ ನನಗೆ ಗೊತ್ತು. ಕ್ಯಾನ್ಸಸ್ ಸಿಟಿಯ ಮಾಲ್ ಒಂದರ ಗಿಫ್ಟ್ ಅಂಗಡಿಯಲ್ಲಿ ವರ್ಷಗಟ್ಟಲೆ ಕೌಂಟರಿನ ಹಿಂದೆ ನಿಂತವಳು ನಾನು. ಹಾಲ್‌ಮಾರ್ಕ್ ಕಂಪನಿಯ ಊರೇ ಇದು. 1910ರಲ್ಲಿ ಜಾಯ್ಸ್ ಹಾಲ್ ಎಂಬ ಹದಿನೆಂಟರ ಹುಡುಗ ಶೂ ಡಬ್ಬಗಳಲ್ಲಿ ಪೋಸ್ಟ್‌ಕಾರ್ಡ್ ತುಂಬಿಕೊಂಡು ಇಲ್ಲಿ ರೈಲಿಳಿದು ವ್ಯಾಪಾರ ಶುರು ಮಾಡಿದ್ದ. ಕ್ರಿಸ್‌ಮಸ್ ಗಿಡಕ್ಕೆ ತೂಗುಹಾಕುವ ಅವರ ‘ಕೀಪ್‌ಸೇಕ್’ ಆರ್ನಮೆಂಟುಗಳು 1973ರಲ್ಲಿ ಬಂದವು.

ಮೊದಲು ಗಿರಾಕಿಯ ಮಾತು. ಸ್ಟಾರ್ ಟ್ರೆಕ್ ಧಾರಾವಾಹಿ ಶುರುವಾಗಿದ್ದು 1966ರಲ್ಲಿ. ಅದಕ್ಕೆ ಇಪ್ಪತ್ತೈದು ತುಂಬಿದ 1991ರಲ್ಲಿ ಹಾಲ್‌ಮಾರ್ಕ್‌ನವರು ಎಂಟರ್‌ಪ್ರೈಸ್ ಗಗನನೌಕೆಯ ಆರ್ನಮೆಂಟ್ ಹೊರತಂದರು. ಬೇಗ ಖಾಲಿಯಾಯಿತು, ಸಿಗದವರು ಅಂಗಡಿ ಅಂಗಡಿ ಅಲೆದರು. ಮರುವರ್ಷ ಗೆಲಿಲಿಯೊ ಎಂಬ ಪುಟ್ಟ ನೌಕೆ ಬಂತು. ಗುಂಡಿ ಒತ್ತಿದರೆ ಸ್ಪಾಕ್ ಪಾತ್ರದ ಲೆನರ್ಡ್ ನಿಮಾಯ್ ಅವರದೇ ದನಿಯಲ್ಲಿ ಹಬ್ಬದ ಶುಭಾಶಯ. ಕೌಂಟರಿನ ಮುಂದೆ ತಲೆ ನರೆತ ಗಂಡಸರು ಆ ಗುಂಡಿ ಒತ್ತಿ, ಕಿವಿಗೆ ಹಿಡಿದುಕೊಂಡು, ಮತ್ತೆ ಒತ್ತುತ್ತಿದ್ದರು. ಹಿಂದೆ ಸಾಲು ಬೆಳೆಯುತ್ತಿದ್ದರೂ ಯಾರೂ ಗೊಣಗುತ್ತಿರಲಿಲ್ಲ. ಅವರು ಕೊಳ್ಳುತ್ತಿದ್ದುದು ಪ್ಲಾಸ್ಟಿಕ್ ನೌಕೆಯನ್ನಲ್ಲ. ಅಪ್ಪನ ಪಕ್ಕ ಸೋಫಾದ ಮೇಲೆ ಕೂತು ನೋಡಿದ ಯಾವುದೋ ಸಂಜೆಯನ್ನು.

ಇದು ನಮಗೆ ಅರ್ಥವಾಗದ್ದೇನಲ್ಲ. ನಿನ್ನ ಅಜ್ಜಿ ದಸರೆಗೆ ಗೊಂಬೆ ಕೂರಿಸುವಾಗ ಪ್ರತಿ ವರ್ಷ ಒಂದಾದರೂ ಹೊಸದು ಸೇರಬೇಕು ಅನ್ನುತ್ತಿದ್ದರು. ಬಂದವರಿಗೆಲ್ಲ ಇದು ಚನ್ನಪಟ್ಟಣದ್ದು, ಇದು ನನ್ನ ಮದುವೆಯದು ಅಂತ ಒಂದೊಂದರ ಕಥೆ ಹೇಳುತ್ತಿದ್ದರು. ಇಲ್ಲಿನವರ ಗಿಡವೂ ಹಾಗೆಯೇ. ಒಂದೊಂದು ಕೊಂಬೆಗೆ ಒಂದೊಂದು ವರ್ಷ. ಆ ಗಿಡಕ್ಕೆ ಈ ವರ್ಷ ಯಾವುದು ಸೇರಬೇಕು ಎಂಬ ಮಾತಿನಲ್ಲಿ ನೀನು ಕೈಹಾಕುತ್ತಿದ್ದೀಯ. ಆದ್ದರಿಂದ ನೋಡದ ಧಾರಾವಾಹಿಯ ಸಾಮಾನಿನ ಬಗ್ಗೆ ಬರೆಯಬೇಡ. ಸೈನ್‌ಫೆಲ್ಡ್‌ನ ಹಬ್ಬದ ಕಂತು ನೋಡದವಳು ‘ಫೆಸ್ಟಿವಸ್’ ಕಂಬದ ಗುಣಗಾನ ಮಾಡಿದರೆ ಎರಡನೇ ಸಾಲಿಗೇ ಸಿಕ್ಕಿಬೀಳುತ್ತಾಳೆ. 1997ರ ಡಿಸೆಂಬರಿನಲ್ಲಿ ಬಂದ ಕಂತು ಅದು. ಅಲಂಕಾರ ಒಂದಿಷ್ಟೂ ಇಲ್ಲದ ಬೋಳು ಅಲ್ಯೂಮಿನಿಯಂ ಕಂಬ ನಿಲ್ಲಿಸುವುದೇ ಅದರ ತಮಾಷೆ. ಆಮೇಲೆ ಮಿಲ್ವಾಕಿಯಲ್ಲಿ ಮೆಟ್ಟಿಲಿನ ಕೈಹಿಡಿ ಕಂಬಿಗಳನ್ನು ಮಾಡುವ ಕಂಪನಿಯೊಂದು ನಿಜವಾಗಿಯೂ ಆ ಕಂಬ ಮಾಡಿ ಮಾರತೊಡಗಿತು. ಅಂಥ ಕಂಬವನ್ನು ‘ನಿಮ್ಮ ಮನೆಯ ಅಲಂಕಾರಕ್ಕೆ ಮೆರುಗು’ ಅಂತ ಬರೆದವರನ್ನು ನಾನು ಓದಿದ್ದೇನೆ, ಪುಟ್ಟಿ. ಓದಿ ನಕ್ಕಿದ್ದೇನೆ.

ಎರಡನೆಯದಾಗಿ, ಕೈಯಲ್ಲಿ ಹಿಡಿಯದ ವಸ್ತುವನ್ನು ಹೊಗಳಬೇಡ. ತೊಂಬತ್ತರ ದಶಕದ ಮಿನುಗುವ, ಮಾತಾಡುವ ಆರ್ನಮೆಂಟುಗಳಲ್ಲಿ ಬಹಳಷ್ಟಕ್ಕೆ ಬ್ಯಾಟರಿ ಇಲ್ಲ. ಬಾಲದಂಥ ಸಣ್ಣ ವೈರು ಇರುತ್ತದೆ. ಗಿಡಕ್ಕೆ ಸುತ್ತಿದ ಸೀರಿಯಲ್ ಸೆಟ್ಟಿನಿಂದ ಒಂದು ಬಲ್ಬ್ ಕಿತ್ತು, ಆ ಖಾಲಿ ಹೋಲ್ಡರಿಗೆ ಈ ವೈರಿನ ತುದಿಯನ್ನು ಚುಚ್ಚಬೇಕು. ಅದೂ ಹಳೆಯ ತಂತಿಬಲ್ಬಿನ ಸರವಾಗಬೇಕು. ಈಗ ಮನೆಮನೆಯಲ್ಲಿರುವ ಎಲ್‌ಇಡಿ ಸರಕ್ಕೆ ಅದು ಹೊಂದುವುದಿಲ್ಲ. ಹಳೆಯ ಸಾಮಾನು ಮಾರುವ ಪುಟಕ್ಕೆ ನೀನು ಲಿಂಕ್ ಹಾಕಿ, ಈ ಮಾತನ್ನು ಬರೆಯದೆ ಬಿಟ್ಟೆ ಅಂತಿಟ್ಟುಕೋ. ಓಹಾಯೋದ ಯಾವುದೋ ಅಜ್ಜಿ ಮೊಮ್ಮಗನ ಮುಂದೆ ಡಬ್ಬ ಬಿಚ್ಚುತ್ತಾಳೆ, ದೀಪವೂ ಇಲ್ಲ, ದನಿಯೂ ಇಲ್ಲ. ಅವಳು ಸಾಮಾನು ಕಳಿಸಿದವನನ್ನು ಬೈಯುವುದಿಲ್ಲ, ನಿನ್ನನ್ನು ಬೈಯುತ್ತಾಳೆ. ಆ ಎರಡು ಸಾಲು ಬರೆದಿದ್ದರೆ ಅದೇ ಅಜ್ಜಿ ಹಳೆ ಸರವನ್ನೂ ನಿನ್ನ ಲಿಂಕಿನಿಂದಲೇ ತರಿಸಿಕೊಳ್ಳುತ್ತಿದ್ದಳು. ಬ್ಯಾಟರಿ ಇರುವ ಹೊಸ ಬಗೆಯದಾದರೆ, ಹಬ್ಬ ಮುಗಿದ ಮೇಲೆ ಬ್ಯಾಟರಿ ತೆಗೆದಿಡಿ, ಇಲ್ಲವಾದರೆ ಸೋರಿ ಒಳಗೆಲ್ಲ ತಿಂದುಹಾಕುತ್ತದೆ ಅಂತ ಬರೆ. ಡಬ್ಬ ಎಸೆಯಬೇಡಿ ಅನ್ನುವುದನ್ನೂ ಬರೆ. ಮರುಮಾರಾಟದಲ್ಲಿ ಡಬ್ಬವಿಲ್ಲದ ಆರ್ನಮೆಂಟಿಗೆ ಅರ್ಧ ಮರ್ಯಾದೆಯೂ ಇಲ್ಲ. ಎಲ್ಲವನ್ನೂ ಕೊಂಡು ನೋಡುವ ದುಡ್ಡು ನಿನ್ನ ಹತ್ತಿರ ಎಲ್ಲಿದೆ, ಗೊತ್ತು. ಹಾಗಾದರೆ ಕಡಿಮೆ ಬರೆ. ಅಂಗಡಿಗೆ ಹೋಗಿ ಮುಟ್ಟಿ ನೋಡಿ ಬಂದು ಬರೆ.

ಇನ್ನೊಂದು ಮಾತು, ನನ್ನನ್ನು ಇವತ್ತಿಗೂ ಕಾಡುವಂಥದ್ದು. 1965ರಲ್ಲಿ ಸಿಬಿಎಸ್ ವಾಹಿನಿಯಲ್ಲಿ ಬಂದ ಚಾರ್ಲಿ ಬ್ರೌನ್ ಕ್ರಿಸ್‌ಮಸ್ ಕಾರ್ಯಕ್ರಮ ನೀನು ನೋಡಿರುತ್ತೀಯ. ನಗುವಿನ ಧ್ವನಿಮುದ್ರಣ ಇಲ್ಲ, ಜಾಸ್ ಸಂಗೀತ, ಪಾತ್ರಗಳಿಗೆ ಮಕ್ಕಳದೇ ದನಿ. ಇದು ಓಡುವುದಿಲ್ಲ ಅಂತ ವಾಹಿನಿಯ ಅಧಿಕಾರಿಗಳೇ ತೀರ್ಮಾನಿಸಿದ್ದರಂತೆ. ಆ ರಾತ್ರಿ ಟಿವಿ ಹಚ್ಚಿದ್ದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಅದನ್ನೇ ನೋಡಿದವು. ಹಬ್ಬವೆಲ್ಲ ವ್ಯಾಪಾರವಾಗಿ ಹೋಯಿತಲ್ಲ ಅಂತ ಚಾರ್ಲಿ ಬ್ರೌನ್ ಕೊರಗುವುದೇ ಅದರ ಕಥೆ. ಹೊಳೆಯುವ ಅಲ್ಯೂಮಿನಿಯಂ ಗಿಡಗಳ ನಡುವೆ ಅವನು ಆರಿಸಿ ತರುವುದು ಒಂದು ಬಡಕಲು ಗಿಡವನ್ನು. ಒಂದೇ ಒಂದು ಕೆಂಪು ಚೆಂಡು ತೂಗಿಸಿದರೆ ಬಾಗಿಹೋಗುತ್ತದೆ. ಆ ಕಾರ್ಯಕ್ರಮಕ್ಕೆ ಪ್ರಾಯೋಜಕರು ಕೋಕಾ-ಕೋಲಾದವರು, ಅದು ಬೇರೆ ತಮಾಷೆ. ಇವತ್ತು ಆ ಬಡಕಲು ಗಿಡವನ್ನೇ ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಕೆಂಪು ಚೆಂಡಿನ ಸಮೇತ ಡಬ್ಬಕ್ಕೆ ಹಾಕಿ ಮಾರುತ್ತಾರೆ. ನೀನೂ ಅದಕ್ಕೆ ಲಿಂಕ್ ಹಾಕುತ್ತೀಯ. ಹಾಕು, ತಪ್ಪೇನಿಲ್ಲ, ನನ್ನ ಮನೆಯಲ್ಲೂ ಒಂದಿದೆ. ಆದರೆ ಈ ವಿಪರ್ಯಾಸ ಓದುಗರಿಗೆ ನಿನಗಿಂತ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದವಳ ಹಾಗೆ ‘ಹಬ್ಬದ ನಿಜವಾದ ಅರ್ಥವನ್ನು ಮನೆಗೆ ತನ್ನಿ, ಇಂದೇ ಆರ್ಡರ್ ಮಾಡಿ’ ಅಂತ ಬರೆದರೆ ಕಿವಿಗೆ ಕಲ್ಲು ಹೊಡೆದ ಹಾಗಿರುತ್ತದೆ. ನೀನೂ ಅವರ ಜೊತೆ ನಕ್ಕುಬಿಡು. 2020ರಲ್ಲಿ ಆ ಕಾರ್ಯಕ್ರಮ ಆ್ಯಪಲ್‌ನವರ ಪಾಲಾಗಿ ಮಾಮೂಲಿ ಟಿವಿಯಲ್ಲಿ ಬರುವುದಿಲ್ಲವೆಂದಾಗ ಜನ ಎಷ್ಟು ಕೂಗಾಡಿದರೆಂದರೆ, ಆ ವರ್ಷ ಪಿಬಿಎಸ್‌ನಲ್ಲೂ ಒಮ್ಮೆ ತೋರಿಸಬೇಕಾಯಿತು. ಅಷ್ಟು ಹಚ್ಚಿಕೊಂಡವರ ಮುಂದೆ ಸುಳ್ಳು ಭಾವುಕತೆ ನಡೆಯುವುದಿಲ್ಲ.

‘ಇವತ್ತು ಕೊಳ್ಳಿ, ನಾಳೆ ಬೆಲೆ ಏರುತ್ತದೆ’ ಅನ್ನುವ ಮಾತನ್ನು ಮಾತ್ರ ಯಾವತ್ತೂ ಬರೆಯಬೇಡ. ಅದು ಆಸೆ ತೋರಿಸಿ ಮಾರುವುದು. 1964ರ ರುಡಾಲ್ಫ್ ಜಿಂಕೆಯ ಕಾರ್ಯಕ್ರಮಕ್ಕೆ ಬಳಸಿದ ಅಸಲಿ ರುಡಾಲ್ಫ್ ಮತ್ತು ಸಾಂಟಾ ಗೊಂಬೆಗಳು 2020ರ ಹರಾಜಿನಲ್ಲಿ 3,68,000 ಡಾಲರಿಗೆ ಹೋದವು, ನಿಜ. ನಿರ್ಮಾಣ ಸಂಸ್ಥೆಯ ಕಾರ್ಯದರ್ಶಿಯೊಬ್ಬರ ಮನೆ ಸೇರಿ, ವರ್ಷಗಳ ಕಾಲ ಕ್ರಿಸ್‌ಮಸ್ ಗಿಡದ ಕೆಳಗೆ ಕೂತು, ರುಡಾಲ್ಫನ ಮೂಗೂ ಸಾಂಟಾನ ಅರ್ಧ ಮೀಸೆಯೂ ಹೋಗಿದ್ದವು. ಆಮೇಲೆ ರಿಪೇರಿಯಾಗಿ ಹರಾಜಿಗೆ ಬಂದವು. ಕೊಂಡವರು ಅವನ್ನು ಅಟ್ಲಾಂಟಾದ ಗೊಂಬೆಯಾಟದ ಸಂಗ್ರಹಾಲಯಕ್ಕೆ ಕೊಟ್ಟರು. ಆದರೆ ಅವು ಜಪಾನಿನಲ್ಲಿ ಕೈಯಿಂದ ಮಾಡಿ, ಒಂದೊಂದು ಚೌಕಟ್ಟಿಗೂ ಒಂದಿಷ್ಟು ಅಲುಗಿಸಿ ಚಿತ್ರ ತೆಗೆದ ಗೊಂಬೆಗಳು. ನೀನು ಲಿಂಕ್ ಹಾಕುವುದು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಅಚ್ಚಾದದ್ದಕ್ಕೆ. ‘ಲಿಮಿಟೆಡ್ ಎಡಿಷನ್’ ಅಂತ ಡಬ್ಬದ ಮೇಲಿದ್ದರೆ, ಎಷ್ಟಕ್ಕೆ ಲಿಮಿಟ್ ಅಂತ ಕೇಳು. ಸಂಖ್ಯೆ ಎಲ್ಲೂ ಇಲ್ಲದಿದ್ದರೆ ಆ ಪದವನ್ನು ನಿನ್ನ ಬರಹಕ್ಕೆ ತರಬೇಡ. ಧಾರಾವಾಹಿಯ ಹಕ್ಕುದಾರರಿಂದ ಪರವಾನಗಿ ಪಡೆದ ಸಾಮಾನೋ ಅಲ್ಲವೋ ನೋಡು. ಫ್ರೆಂಡ್ಸ್ ಧಾರಾವಾಹಿಯ ಕಾಫಿ ಅಂಗಡಿಯ ಚಿತ್ರ ಕದ್ದು ಮುದ್ರಿಸಿದ ಅಗ್ಗದ ಮಾಲು ಡಿಸೆಂಬರಿನಲ್ಲಿ ರಾಶಿ ಬೀಳುತ್ತದೆ.

ಈಗ ದುಡ್ಡಿನ ವಿಷಯ. ಅಮೆಜಾನ್ ಈ ಅಫಿಲಿಯೇಟ್ ಪದ್ಧತಿ ಶುರು ಮಾಡಿದ್ದು 1996ರಲ್ಲಿ, ಇನ್ನೂ ಪುಸ್ತಕ ಮಾತ್ರ ಮಾರುತ್ತಿದ್ದಾಗ. ಆಟಿಕೆ ವಿಭಾಗಕ್ಕೆ ಅವರು ಕೊಡುವುದು 3 ಪ್ರತಿಶತ. 25 ಡಾಲರಿನ ಒಂದು ಆರ್ನಮೆಂಟಿಗೆ ನಿನಗೆ ಬರುವುದು 75 ಸೆಂಟ್. ನೂರು ಜನ ಕೊಂಡರೆ 75 ಡಾಲರ್. ಒಬ್ಬರು ಲಿಂಕ್ ಒತ್ತಿದ ಮೇಲೆ ನಿನ್ನ ಲೆಕ್ಕ 24 ಗಂಟೆ ಮಾತ್ರ ಜೀವಂತ. ಆ ಒಂದು ದಿನದೊಳಗೆ ಅವರು ಆರ್ನಮೆಂಟ್ ಬಿಟ್ಟು ಕುಕ್ಕರ್ ಕೊಂಡರೂ ನಿನಗೆ ಪಾಲಿದೆ, ಅದೊಂದು ಸಮಾಧಾನ. ಆದರೆ ದುಡ್ಡು ಬರುವುದು ತಿಂಗಳು ಮುಗಿದು ಸುಮಾರು 60 ದಿನಕ್ಕೆ. ಡಿಸೆಂಬರಿನ ದುಡಿಮೆ ಕೈಸೇರುವಾಗ ಫೆಬ್ರವರಿ ಕೊನೆ. ನಡುವೆ ಜನವರಿಯಲ್ಲಿ ವಾಪಸಾಗುವ ಸಾಮಾನು ಬೇರೆ. ಹಬ್ಬದ ಉಡುಗೊರೆಗಳಿಗೆ ಅಂಗಡಿಗಳು ವಾಪಸಿನ ಗಡುವನ್ನು ಸಡಿಲಿಸುತ್ತವಲ್ಲ, ವಾಪಸಾದದ್ದಕ್ಕೆಲ್ಲ ಕಮಿಷನ್ ಕಡಿತ. ಡಿಸೆಂಬರಿನಲ್ಲಿ ಪರದೆಯ ಮೇಲೆ ಕಾಣುವ ಅಂಕಿ ನೋಡಿ ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಬೇಡ.

ನೆಂಟರಿಷ್ಟರಿಂದ ಬೋಣಿ ಮಾಡಿಸಿಕೊಳ್ಳೋಣ ಅನ್ನಿಸುತ್ತದೆ. ಅದಕ್ಕೂ ದಾರಿಯಿಲ್ಲ. ನೀನಾಗಲಿ ನಿನ್ನ ಮನೆಯವರಾಗಲಿ ನಿನ್ನ ಲಿಂಕಿನಿಂದ ಕೊಂಡರೆ ಅದು ಒಪ್ಪಂದಕ್ಕೆ ವಿರುದ್ಧ. ಮೊದಲ 180 ದಿನದಲ್ಲಿ ಮೂರು ಮಾರಾಟವಾದರೂ ಆಗಬೇಕು ಅನ್ನುವ ಷರತ್ತನ್ನು ಅಪರಿಚಿತರಿಂದಲೇ ದಾಟಬೇಕು. ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು. ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ದಿನಾ ಲಿಂಕ್ ಎಸೆಯುವವರನ್ನು ಕಂಡರೆ ಯುಗಾದಿ ಊಟದ ಪಂಕ್ತಿಯಲ್ಲಿ ಯಾರೂ ಪಕ್ಕದಲ್ಲಿ ಕೂರುವುದಿಲ್ಲ.

ಕಮಿಷನ್ ಸಿಗುತ್ತದೆ ಅನ್ನುವುದನ್ನು ಬರಹದ ತಲೆಯಲ್ಲೇ ಹೇಳು. ಕೊನೆಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಹಾಕಿದರೆ ಸಾಲದು. ಕಣ್ಣಿಗೆ ಬೀಳುವ ಹಾಗೆ, ಲಿಂಕಿನ ಹತ್ತಿರವೇ ಇರಬೇಕು ಅನ್ನುತ್ತದೆ ಇಲ್ಲಿನ ಫೆಡರಲ್ ಟ್ರೇಡ್ ಕಮಿಷನ್. ‘ಅಫಿಲಿಯೇಟ್ ಲಿಂಕ್’ ಎಂಬ ಎರಡು ಪದ ಅಂಟಿಸಿದರೂ ಸಾಲದಂತೆ, ಓದುವವರಲ್ಲಿ ಎಷ್ಟು ಜನಕ್ಕೆ ಅದು ತಿಳಿಯುತ್ತದೆ? ‘ನೀವು ಇಲ್ಲಿಂದ ಕೊಂಡರೆ ನನಗೆ ಸ್ವಲ್ಪ ಕಮಿಷನ್ ಬರುತ್ತದೆ’ ಅಂತ ಮನೆಮಾತಿನಲ್ಲಿ ಬರೆ, ಅಷ್ಟೆ. ಹೀಗೆ ಹೇಳಿಬಿಟ್ಟರೆ ಜನ ಓಡಿಹೋಗುತ್ತಾರೆ ಅಂತ ಹೆದರುವವರಿದ್ದಾರೆ. ನಾನೂ ಕೌಂಟರಿನಲ್ಲಿ ಸಂಬಳಕ್ಕೇ ನಿಂತಿದ್ದೆ, ಗಿರಾಕಿಗಳಿಗೆ ಅದು ಗೊತ್ತಿತ್ತು, ಆದರೂ ‘ಇವೆರಡರಲ್ಲಿ ಯಾವುದು ಒಳ್ಳೆಯದು’ ಅಂತ ನನ್ನನ್ನೇ ಕೇಳುತ್ತಿದ್ದರು. ಬೇರೆಯವರ ವಿಮರ್ಶೆ ಎತ್ತಿ ಅಂಟಿಸುವುದು, ಇಲ್ಲದ ಗಿರಾಕಿಯ ಬಾಯಲ್ಲಿ ಹೊಗಳಿಕೆ ಹಾಕುವುದು ಇವೆಲ್ಲ ಬೇಡ. ಸುಳ್ಳು ವಿಮರ್ಶೆಗಳಿಗೆ ದಂಡ ಹಾಕುವ ನಿಯಮ 2024ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಬೆಲೆಯನ್ನೂ ಅಂಕಿಯಲ್ಲಿ ಬರೆದಿಡಬೇಡ, ಗಂಟೆಗಂಟೆಗೆ ಬದಲಾಗುತ್ತದೆ.

ಸಮಯ ಗಮನದಲ್ಲಿರಲಿ. ಡಿಸೆಂಬರ್ ಬಂತು, ಬರೆಯೋಣ ಅಂತ ಕೂತರೆ ಸಂತೆ ಮುಗಿದಿರುತ್ತದೆ. ಆರ್ನಮೆಂಟ್ ಸಂಗ್ರಹಿಸುವವರಿಗೆ ಕ್ರಿಸ್‌ಮಸ್ ಶುರುವಾಗುವುದು ಸೆಕೆಗಾಲದಲ್ಲಿ. ಹಾಲ್‌ಮಾರ್ಕ್‌ನ ಹೊಸ ಆರ್ನಮೆಂಟುಗಳ ‘ಪ್ರೀಮಿಯರ್’ ಜುಲೈನಲ್ಲಿ, ಎರಡನೇ ಕಂತು ಅಕ್ಟೋಬರಿನಲ್ಲಿ. ಹೊರಗೆ ಸುಡುಬಿಸಿಲು, ಒಳಗೆ ಚಡ್ಡಿ ಹಾಕಿಕೊಂಡ ಜನ ಹಿಮಮಾನವನ ಮುಂದೆ ಸಾಲುಗಟ್ಟಿರುತ್ತಾರೆ. ಕ್ಯಾಟಲಾಗ್ ವಸಂತದಲ್ಲೇ ಬಂದಿರುತ್ತದೆ. ಅಡ್ವೆಂಟ್ ಕ್ಯಾಲೆಂಡರಿನ ಬಾಗಿಲು ಡಿಸೆಂಬರ್ 1ಕ್ಕೆ ತೆರೆಯಬೇಕಾದ್ದರಿಂದ ಅದರ ಬರಹ ಸೆಪ್ಟೆಂಬರ್ ದಾಟಬಾರದು.

ನಿನ್ನ ಜೊತೆ ಸೇರುತ್ತೇನೆ ಅಂದಿರುವ ಗೆಳತಿ ಇನ್ನೂ ಎಫ್-1 ವೀಸಾದಲ್ಲಿ ಓದುತ್ತಿದ್ದಾಳಲ್ಲವೇ? ನೀನು ಇಲ್ಲೇ ಹುಟ್ಟಿದವಳು, ನಿನಗೆ ಅಡ್ಡಿಯಿಲ್ಲ. ಅವಳಿಗೆ ಅನುಮತಿಯಿಲ್ಲದ ದುಡಿಮೆ ವೀಸಾಕ್ಕೇ ಮುಳುವಾದೀತು. ಒಂದು ಡಾಲರ್ ಮುಟ್ಟುವ ಮೊದಲು ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿಕೊಂಡು ಬರಲಿ. ಇದರಲ್ಲಿ ಸಂಕೋಚ ಬೇಡ.

ಲೆಕ್ಕದ ಪುಸ್ತಕ ಮೊದಲ ದಿನದಿಂದ ಇಡು. ವರ್ಷಕ್ಕೆ ಖರ್ಚು ಕಳೆದು 400 ಡಾಲರ್ ದಾಟಿದರೆ ಸ್ವಂತ ದುಡಿಮೆಯ ತೆರಿಗೆ 15.3 ಪ್ರತಿಶತದ ಲೆಕ್ಕಕ್ಕೆ ಬರುತ್ತೀಯ, ಆದಾಯ ತೆರಿಗೆ ಅದರ ಮೇಲೆ. ಬರೆಯುವುದಕ್ಕೆಂದು ಕೊಂಡ ಆರ್ನಮೆಂಟಿನ ರಸೀದಿಯನ್ನೂ ಎತ್ತಿಡು, ಅದೂ ಖರ್ಚೇ. ನಿಮ್ಮಪ್ಪನಿಗೆ ಈ ಪತ್ರ ತೋರಿಸಿದರೆ ರಸೀದಿಯ ಮಾತೊಂದನ್ನೇ ಹಿಡಿದುಕೊಂಡು ಒಂದು ಗಂಟೆ ಪಾಠ ಮಾಡುತ್ತಾನೆ, ನೋಡಿಕೋ. ಮೊದಲ ಬರಹ ತಯಾರಾದಾಗ ಲಿಂಕುಗಳನ್ನೆಲ್ಲ ತೆಗೆದು ನನಗೆ ಕಳಿಸು. ಜುಲೈ ಪ್ರೀಮಿಯರಿಗೆ ಇಲ್ಲಿಗೇ ಬಂದುಬಿಡು. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಸಾಲಿನಲ್ಲಿರಬೇಕು, ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಈಗಿಂದಲೇ ಮಾಡಿಕೋ.

ನಿನ್ನ ಅತ್ತೆ