ಅವನ ತಮಾಷೆ, ಇನ್ನೊಬ್ಬನ ಮೌನ

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿ. ಸಹಪಾಠಿಯೊಬ್ಬನಿಗೆ ಉಗ್ಗು ಇದೆ. ಅವನು ಪಾಠ ಓದುವುದನ್ನು ಅಣಕಿಸಿ ನನ್ನ ಮಗ ವಾಟ್ಸ್‌ಆ್ಯಪ್ ಗುಂಪಿಗೆ ವಾಯ್ಸ್ ಮೆಸೇಜ್ ಹಾಕಿದ್ದಾನೆ. ಅಂದಿನಿಂದ ಆ ಹುಡುಗ ಶಾಲೆಗೇ ಬರುತ್ತಿಲ್ಲ. ಕೇಳಿದರೆ ‘ತಮಾಷೆಗೆ ಮಾಡಿದ್ದಮ್ಮ, ಎಲ್ಲರೂ ನಕ್ಕರು’ ಅನ್ನುತ್ತಾನೆ. ಅವರಪ್ಪ ಎರಡೇಟು ಹೊಡೆದರು. ಈಗ ನಮ್ಮ ಜೊತೆ ಮಾತೇ ಬಿಟ್ಟಿದ್ದಾನೆ. ನನ್ನ ಮಗ ಇಷ್ಟು ಕಲ್ಲುಮನಸ್ಸಿನವನಾದನೇ?
– ನೊಂದ ತಾಯಿ, ದಾವಣಗೆರೆ

ಉತ್ತರ: ಹೆತ್ತ ಮಗನೇ ಇನ್ನೊಂದು ಮಗುವಿನ ಕಣ್ಣೀರಿಗೆ ಕಾರಣನಾದ ಎಂದು ತಿಳಿದಾಗ ನಾಚಿಕೆ, ಭಯ ಎರಡೂ ಆಗುವುದು ಸಹಜ. ‘ಹುಡುಗಾಟ, ಬಿಡಿ’ ಎಂದು ತೇಲಿಸಿಬಿಡುವ ಪೋಷಕರು ಬಹಳ. ನೀವು ಹಾಗೆ ಮಾಡಲಿಲ್ಲ. ಆ ಹುಡುಗನ ಸಂಕಟ ನಿಮಗೆ ತಟ್ಟಿದೆ. ಅದು ನಿಮ್ಮ ಮಗನಿಗೂ ತಟ್ಟಬಲ್ಲದು.

ಅವನು ಕಲ್ಲುಮನಸ್ಸಿನವನೆಂದು ಈಗಲೇ ತೀರ್ಮಾನಿಸಬೇಡಿ. ಈ ವಯಸ್ಸಿನಲ್ಲಿ ಗೆಳೆಯರ ನಗುವಿಗಿಂತ ದೊಡ್ಡ ಬಹುಮಾನವಿಲ್ಲ. ಮುಂದಾಲೋಚನೆಗೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ. ಅವನಿಗೆ ಗುಂಪಿನ ನಗು ಕೇಳಿಸಿತು, ಫೋನ್ ಹಿಡಿದು ಕೂತ ಆ ಹುಡುಗನ ಮುಖ ಕಾಣಲಿಲ್ಲ. ಆ ಮುಖವನ್ನು ಕಾಣಿಸುವುದೇ ಈಗ ನಿಮ್ಮ ಕೆಲಸ. ಏಟಿನಿಂದ ಅದು ಆಗದು. ಹೊಡೆತ ತಿಂದವನಿಗೆ ತನ್ನ ನೋವೇ ದೊಡ್ಡದಾಗಿ, ಇನ್ನೊಬ್ಬನದು ಮರೆಯಾಗುತ್ತದೆ.

‘ಬರೀ ಮಾತು ತಾನೇ’ ಎಂದರೆ ಅವನಿಗೆ ಇದನ್ನು ಹೇಳಿ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕೆಲವರಿಗೆ ಕಂಪ್ಯೂಟರಿನಲ್ಲಿ ಚೆಂಡಾಟ ಆಡಿಸಿ, ನಡುವೆ ಅವರಿಗೆ ಚೆಂಡೇ ಬಾರದಂತೆ ಮಾಡಿದರು. ಆಗ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರೆ, ಮೈನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗವೊಂದು ಚುರುಕಾಗಿತ್ತು. ಮುಖ ಕಾಣದವರು ಹೊರಗಿಟ್ಟರೇ ಹೀಗೆ. ದಿನವೂ ಒಂದೇ ಬೆಂಚಿನಲ್ಲಿ ಕೂರುವವರು ನಕ್ಕರೆ?

ಸಿಟ್ಟು ಇಳಿದ ಹೊತ್ತಿನಲ್ಲಿ ನೀವೊಬ್ಬರೇ ಅವನ ಪಕ್ಕ ಕೂತುಕೊಳ್ಳಿ. ‘ಯಾಕೆ ಮಾಡಿದೆ?’ ಎಂದರೆ ನೆಪ ಬರುತ್ತದೆ. ‘ಅವನು ಅದನ್ನು ಎಲ್ಲಿ ಕೂತು ಕೇಳಿರಬಹುದು? ಪಕ್ಕದಲ್ಲಿ ಅವರಮ್ಮ ಇದ್ದರೇನೋ? ಹಾಜರಿ ಕೂಗಿದಾಗ “ಎಸ್ ಸರ್” ಅನ್ನೋಕೂ ಈಗ ಹೆದರ್ತಾನೇನೋ?’ ಎಂದು ಕೇಳಿ. ಉತ್ತರ ನೀವು ಕೊಡಬೇಡಿ. ಅವನು ಸುಮ್ಮನಾದರೆ ನೀವೂ ಸುಮ್ಮನಿರಿ.

ಉಗ್ಗು ದಡ್ಡತನವಲ್ಲ ಎಂಬುದೂ ಅವನಿಗೆ ತಿಳಿಯಲಿ. ಹೇಳಬೇಕಾದ್ದು ಆ ಹುಡುಗನಿಗೆ ಚೆನ್ನಾಗಿ ಗೊತ್ತು, ಮಾತಿನ ಓಟದಲ್ಲಷ್ಟೇ ತೊಡಕು. ಅಣಕಿಸಿದಷ್ಟೂ ಅವನು ಬಾಯಿ ತೆರೆಯಲು ಅಂಜುತ್ತಾನೆ.

ನಾಲ್ಕು ಜನರೆದುರು ಆದ ಅವಮಾನಕ್ಕೆ ಗುಟ್ಟಿನ ಕ್ಷಮೆ ಸಾಲದು. ‘ನಾನು ಮಾಡಿದ್ದು ತಪ್ಪು, ಯಾರೂ ಅದನ್ನು ಮುಂದೆ ಕಳಿಸಬೇಡಿ’ ಎಂದು ಅದೇ ಗುಂಪಿನಲ್ಲಿ ಬರೆಯಲಿ. ಕ್ಲಾಸ್ ಟೀಚರಿಗೂ ತಿಳಿಸಿ. ಆ ಹುಡುಗನ ಮನೆಯವರು ಒಪ್ಪಿದರೆ ಮಗನ ಜೊತೆ ಹೋಗಿ ಬನ್ನಿ. ‘ಸಾರಿ’ ಎಂದ ಮೇಲೆ ‘ಆದರೆ’ ಬೇಡ. ಅವನು ಕೂಡಲೇ ಕ್ಷಮಿಸದಿದ್ದರೆ ಬಲವಂತವೂ ಬೇಡ.

ಮನೆಯ ಮಾತನ್ನೂ ಒಮ್ಮೆ ಗಮನಿಸಿ. ಟಿವಿಯಲ್ಲಿ ಬಂದವರ ಬಣ್ಣ, ಮೈಕಟ್ಟು, ಮಾತಿನ ರೀತಿ ನೋಡಿ ನಾವೇ ನಗುತ್ತೇವೆಯೇ? ‘ಹೊಡೆದದ್ದು ನನ್ನ ತಪ್ಪು ಕಣೋ’ ಎಂದು ಅವರಪ್ಪ ಹೇಳಿದರೆ, ಕ್ಷಮೆ ಕೇಳುವುದು ಹೇಗೆಂದು ಮಗ ಅವರಿಂದಲೇ ಕಲಿಯುತ್ತಾನೆ.

ಇಷ್ಟಾದರೂ ಹಂಗಿಸುವ ಚಾಳಿ ಬಿಡದಿದ್ದರೆ, ಇಲ್ಲವೇ ಅವನನ್ನೇ ಯಾರೋ ಕಾಡುತ್ತಿದ್ದಾರೆಂಬ ಸುಳಿವು ಸಿಕ್ಕರೆ, ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು. ನೊಂದ ಮಗುವಿನ ಮನೆಯವರಿಗೂ ಆ ಬಾಗಿಲು ತೆರೆದಿದೆ. ಯಾವ ಮಗುವಾದರೂ ಬದುಕೇ ಬೇಡ ಎಂದರೆ ಒಂದು ದಿನವೂ ಕಾಯಬೇಡಿ.

ಆ ಹುಡುಗ ಶಾಲೆಗೆ ಮರಳುವ ದಿನ ಪಕ್ಕದಲ್ಲಿ ಜಾಗ ಬಿಟ್ಟು ಕೂರಲು ನಿಮ್ಮ ಮಗನಿಗೆ ಹೇಳಿ. ಅವನು ಮಾತಾಡುವಾಗ ಮಾತು ಮುಗಿಯುವವರೆಗೂ ಕಾಯಲಿ.