ಶ್ರೋಣಿಯ ನೋವು ಮತ್ತು ಕಾಂತ ಚಿಕಿತ್ಸೆ

ವಿರಾರ್, ಕಲ್ಯಾಣಗಳಿಂದ ಲೋಕಲ್ ರೈಲಿನಲ್ಲಿ ಬಂದು ಮುಂಬಯಿಯ ಕಚೇರಿಗಳಲ್ಲಿ ದಿನವಿಡೀ ಕುಳಿತು ದುಡಿಯುವ ಪುರುಷರು ಹೇಳಲು ನಾಚುವ ನೋವೊಂದುಂಟು. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಸುತ್ತ ಅದು ತಿಂಗಳುಗಟ್ಟಲೆ ಕಾಡುತ್ತದೆ. ಇಂಥವರಲ್ಲಿ ಹೆಚ್ಚಿನವರ ಮೂತ್ರದಲ್ಲಿ ರೋಗಾಣುಗಳು ಕಾಣವು. ಬಿಗಿದ ಸ್ನಾಯುಗಳೂ ಕೆರಳಿದ ನರಗಳೂ ಕಾರಣವಾಗಿರಬಹುದು.

ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಹುಟ್ಟಿಸುವುದೆಂದು 1831ರಲ್ಲಿ ಫ್ಯಾರಡೆ ತೋರಿಸಿದನು. ಚಿಕಿತ್ಸೆಯ ಕುರ್ಚಿಯೊಳಗಿನ ತಂತಿಸುರುಳಿಯು ಇದೇ ತತ್ತ್ವದಿಂದ ನರಗಳನ್ನು ಪ್ರಚೋದಿಸಿ, ಸ್ನಾಯುಗಳನ್ನು ಸಂಕುಚಿಸಿ ಸಡಿಲಿಸುತ್ತದೆ. ಸೊಂಟಕ್ಕೆ ಕಟ್ಟುವ ಅಯಸ್ಕಾಂತದ ಪಟ್ಟಿಗೆ ಈ ಶಕ್ತಿಯಿಲ್ಲ. ಸಣ್ಣ ಅಧ್ಯಯನಗಳಲ್ಲಿ ಕೆಲವರ ನೋವು ತಗ್ಗಿದೆ; ಶಾಶ್ವತ ಪರಿಹಾರವೆನ್ನಲಾಗದು. ಪೇಸ್‌ಮೇಕರ್ ಉಳ್ಳವರು ಇದನ್ನು ವರ್ಜಿಸಬೇಕು.

ಮೊದಲು ಮೂತ್ರರೋಗ ತಜ್ಞರ ಪರೀಕ್ಷೆ ಅವಶ್ಯಕ. ಪರೇಲಿನ ಕೆ.ಇ.ಎಂ. ಮುನಿಸಿಪಲ್ ಆಸ್ಪತ್ರೆಯಲ್ಲಿ ಆ ವಿಭಾಗವಿದೆ. ಸಂಕೋಚವನ್ನು ತೊರೆಯುವುದೇ ಚಿಕಿತ್ಸೆಯ ಪ್ರಥಮ ಸೋಪಾನ.