ದಾರಿಗೊಂದು ಸಂಖ್ಯೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಹೆಸರಾಗಿವೆ. ಇಲ್ಲಿಯ ರೈತರು ಬಲಿತ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿರಿಸಿ ಉಂಡೆ ಕೊಬ್ಬರಿಯನ್ನು ಪಡೆಯುತ್ತಾರೆ. ಅದು ತಿಪಟೂರಿನ ಮಾರುಕಟ್ಟೆಯನ್ನು ಸೇರಿ, ಅಲ್ಲಿಂದ ಉತ್ತರ ಭಾರತದ ಊರುಗಳವರೆಗೂ ಹೋಗುತ್ತದೆ. ತೋಟದ ಬದಿಯ ದಾರಿ ಮಳೆಗೆ ಕೊಚ್ಚಿಹೋದರೆ, ವರ್ಷದ ದುಡಿಮೆಯ ಫಲ ಮನೆಯಲ್ಲಿಯೇ ಉಳಿಯಬೇಕಾಗುತ್ತದೆ. ಆಗ ಅದನ್ನು ದುರಸ್ತಿ ಮಾಡಬೇಕಾದವರು ಯಾರು? ಇದಕ್ಕೆ ಉತ್ತರ ರಸ್ತೆಗಳ ವರ್ಗೀಕರಣದಲ್ಲಿದೆ.

1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ದೇಶದ ರಸ್ತೆಗಳನ್ನು ಅವುಗಳ ಉಪಯೋಗಕ್ಕೆ ಅನುಸಾರವಾಗಿ ವಿಂಗಡಿಸುವ ಯೋಜನೆಯನ್ನು ರೂಪಿಸಿದರು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂಬ ಇಂದಿನ ವಿಭಾಗಗಳಿಗೆ ಅದೇ ತಳಹದಿ. ರಾಷ್ಟ್ರೀಯ ಹೆದ್ದಾರಿಯ ಹೊಣೆ ಕೇಂದ್ರ ಸರ್ಕಾರದ್ದು. ರಾಜ್ಯ ಹೆದ್ದಾರಿ ಮತ್ತು ಮುಖ್ಯ ಜಿಲ್ಲಾ ರಸ್ತೆಗಳನ್ನು ರಾಜ್ಯದ ಲೋಕೋಪಯೋಗಿ ಇಲಾಖೆ ನೋಡಿಕೊಳ್ಳುತ್ತದೆ. ಗ್ರಾಮ ರಸ್ತೆಗಳು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸೇರಿವೆ. ಮೈಲಿಗಲ್ಲಿನ ತಲೆ ಹಳದಿಯಾಗಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ. ಹಸಿರಾಗಿದ್ದರೆ ರಾಜ್ಯ ಹೆದ್ದಾರಿ.

ಹೆದ್ದಾರಿಗಳ ಸಂಖ್ಯೆಗೂ ಒಂದು ನಿಯಮವುಂಟು. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ಕೊಡಲಾಯಿತು. ಉತ್ತರ-ದಕ್ಷಿಣವಾಗಿ ಸಾಗುವ ಪ್ರಧಾನ ಹೆದ್ದಾರಿಗೆ ಸಮಸಂಖ್ಯೆ; ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಅದು ಹೆಚ್ಚುತ್ತದೆ. ಬಾಗೇಪಲ್ಲಿಯ ಹೆದ್ದಾರಿ 44, ತುಮಕೂರಿನದು 48, ಕರಾವಳಿಯದು 66. ಪೂರ್ವ-ಪಶ್ಚಿಮವಾಗಿ ಸಾಗುವುದಕ್ಕೆ ಬೆಸಸಂಖ್ಯೆ. ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಅದು ಹೆಚ್ಚುತ್ತದೆ. ಹುಬ್ಬಳ್ಳಿ-ಬಳ್ಳಾರಿಯ ದಾರಿ 67, ಹೊನ್ನಾವರ-ಶಿವಮೊಗ್ಗದ್ದು 69, ಹಾಸನ-ಬೆಂಗಳೂರಿನದು 75. ಮೂರಂಕಿಯ ಸಂಖ್ಯೆ ಕವಲು ಹೆದ್ದಾರಿಯನ್ನು ಸೂಚಿಸುತ್ತದೆ. ಅದರ ಕೊನೆಯ ಎರಡು ಅಂಕಿಗಳು ಮೂಲ ಹೆದ್ದಾರಿಯವು.

ತೆಂಗಿನ ಸೀಮೆಯಲ್ಲಿಯೇ ಈ ನಿಯಮವನ್ನು ಕಾಣಬಹುದು. ಹಿಂದೆ 206 ಎಂಬ ಸಂಖ್ಯೆಯಿದ್ದ ತುಮಕೂರು-ತಿಪಟೂರು-ಅರಸೀಕೆರೆ ರಸ್ತೆ ಈ ಪಟ್ಟಿಯಲ್ಲಿ ಮಂಗಳೂರು-ತುಮಕೂರು ಹೆದ್ದಾರಿಯ ಭಾಗವಾಗಿ 73 ಎಂಬ ಬೆಸಸಂಖ್ಯೆಯನ್ನು ಪಡೆಯಿತು. ಜೇವರ್ಗಿಯಲ್ಲಿ 50ನೆಯ ಹೆದ್ದಾರಿಯಿಂದ ಕವಲೊಡೆದು ಚಾಮರಾಜನಗರದತ್ತ ಸಾಗುವ 150ಎ ಹೆದ್ದಾರಿಯು ಚಿಕ್ಕನಾಯಕನಹಳ್ಳಿ ಮತ್ತು ತುರುವೇಕೆರೆಗಳನ್ನು ಹಾದುಹೋಗುತ್ತದೆ. ಈ ಎರಡು ಹೆದ್ದಾರಿಗಳು ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಸಂಧಿಸುತ್ತವೆ. ಅಲ್ಲಿ ನಿಂತವನು ಒಂದು ದಾರಿಯಲ್ಲಿ ಕಡಲತೀರವನ್ನೂ ಮತ್ತೊಂದು ದಾರಿಯಲ್ಲಿ ಕಲಬುರಗಿಯ ಸೀಮೆಯನ್ನೂ ಸೇರಬಹುದು.

ರಾಜ್ಯ ಹೆದ್ದಾರಿಗಳಿಗೆ ಆಯಾ ರಾಜ್ಯವೇ ಸಂಖ್ಯೆಯನ್ನು ಕೊಡುತ್ತದೆ. ಆದ್ದರಿಂದ ಒಂದೇ ಸಂಖ್ಯೆ ಎರಡು ರಾಜ್ಯಗಳಲ್ಲಿ ಬೇರೆ ಬೇರೆ ರಸ್ತೆಗಳಿಗೆ ಇರಬಹುದು.

ಹೀಗೆ ಕಲ್ಲಿನ ಮೇಲಿನ ಬಣ್ಣ ಮತ್ತು ಅಂಕಿಗಳು ದಾರಿಹೋಕನಿಗೆ ದಿಕ್ಕನ್ನು ತಿಳಿಸುತ್ತವೆ. ನಾಗರಿಕನಿಗೆ ರಸ್ತೆಯ ಹೊಣೆಗಾರರನ್ನು ತೋರಿಸುತ್ತವೆ. ಇದನ್ನು ಅರಿತ ಊರಿನವರು ಹಾಳಾದ ದಾರಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದಿಲ್ಲ. ಅವರ ಅರ್ಜಿ ತಲುಪಬೇಕಾದ ಬಾಗಿಲನ್ನೇ ತಲುಪುತ್ತದೆ.